ಜನ್ಮಜಾತ ಬೇರೆ, ಆನುವಂಶಿಕ ಬೇರೆ

ನಮ್ಮ ನೆಂಟರ ಮನೆಯಲ್ಲಿ ಒಂದು ಮಗು ಸೀಳುತುಟಿಯೊಂದಿಗೆ ಹುಟ್ಟಿತು. ಡಾಕ್ಟರು 'ಇದು ಜನ್ಮಜಾತ' ಅಂದರು. ಅಷ್ಟೇ ಸಾಕಾಯಿತು. 'ನಮ್ಮ ಕಡೆ ಯಾರಿಗೂ ಇಲ್ಲಪ್ಪ, ಅವಳ ತವರಿಂದಲೇ ಬಂದಿರಬೇಕು' ಅಂದರು ಅಜ್ಜಿ. ಸ್ವಲ್ಪ ಹೊತ್ತಿಗೆ ಅವರೇ, 'ಗ್ರಹಣದ ದಿನ ಈಳಿಗೆಮಣೆ ಮುಂದೆ ಕೂತಿದ್ಲು, ಬೇಡ ಅಂದ್ರೂ ಕೇಳಲಿಲ್ಲ' ಅಂದರು. ವಂಶಕ್ಕೂ ಬೈಗುಳ, ಈಳಿಗೆಮಣೆಗೂ ಬೈಗುಳ. ಎರಡರಲ್ಲೂ ಸಿಕ್ಕಿಬಿದ್ದವಳು ಒಬ್ಬಳೇ. ಬಾಣಂತಿ ಗೋಡೆ ಕಡೆ ತಿರುಗಿ ಮಲಗಿದ್ದಳು.

ಜನ್ಮಜಾತ ಅಂದರೆ ಹುಟ್ಟುವಾಗಲೇ ಇದ್ದದ್ದು, ಅಷ್ಟೇ. ಯಾವಾಗಿಂದ ಇದೆ ಅಂತ ಈ ಪದ ಹೇಳುತ್ತದೆ, ಯಾಕೆ ಬಂತು ಅಂತ ಹೇಳುವುದಿಲ್ಲ. ಆನುವಂಶಿಕ ಅಂದರೆ ಅಪ್ಪ ಅಮ್ಮನ ಜೀನ್ ಮೂಲಕ ಇಳಿದು ಬಂದದ್ದು. ಅದು ಹುಟ್ಟಿದ ದಿನವೇ ಕಾಣಿಸಬೇಕು ಅಂತೇನಿಲ್ಲ. ನಾವು ಎರಡಕ್ಕೂ ಸುಮ್ನೆ 'ಹುಟ್ಟಿನಿಂದ ಬಂದಿದ್ದು' ಅಂತೀವಿ. ಗೊಂದಲ ಅಲ್ಲೇ ಶುರು.

1950ರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೋಮೈಡ್ ಅನ್ನುವ ಮಾತ್ರೆ ಬಂತು. ಬಸುರಿಯರು ವಾಕರಿಕೆಗೆ ಅಂತ ತೆಗೆದುಕೊಂಡರು. ಸಾವಿರಾರು ಮಕ್ಕಳು ಮೋಟು ಕೈಕಾಲುಗಳೊಂದಿಗೆ ಹುಟ್ಟಿದವು. 1961ರಲ್ಲಿ ಅಲ್ಲಿ ಮಾತ್ರೆಯನ್ನು ಮಾರುಕಟ್ಟೆಯಿಂದ ತೆಗೆದರು. ಅದು ಜನ್ಮಜಾತ ಹೌದು, ಆನುವಂಶಿಕ ಅಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ. ಮಗು ಹುಟ್ಟುವಾಗ ಚೆನ್ನಾಗಿಯೇ ಕಾಣುತ್ತದೆ. ಬೆಳೆಯುತ್ತಾ ಸೊಂಟ, ಮೊಣಕಾಲು ನೋವು ಶುರುವಾಗುತ್ತದೆ. ಜಾಸ್ತಿಯಾದರೆ ನಡೆಯುವುದೇ ಕಷ್ಟ. 1970ರ ದಶಕದಲ್ಲಿ ಇದು ಸುದ್ದಿಯಾದಾಗ ಮೊದಲು ಅನುಮಾನ ಬಿದ್ದದ್ದು ಗದ್ದೆಯ ಏಡಿಯ ಮೇಲೆ. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದು ಹೀಗಾಯಿತು ಅಂತ. ಕಾಯಿಲೆ ಇದ್ದದ್ದು ಬಡ ದಲಿತ ಕುಟುಂಬಗಳಲ್ಲಿ. ಬಡವರಿಗೆ ರೋಗ ಬಂದರೆ ಅವರ ತಟ್ಟೆ ಕಡೆಗೇ ಮೊದಲು ಕಣ್ಣು ಹೋಗುತ್ತದೆ, ಅಲ್ವಾ? ಆಮೇಲೆ ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಕಂಡಿತು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಇನ್ನೂ ಒಂದು ತೊಡಕಿದೆ. ಜೀನ್‌ನದ್ದೆಲ್ಲ ವಂಶದ್ದೇ ಆಗಬೇಕಿಲ್ಲ. ಮಗುವಿನ ಬುದ್ಧಿ, ಮೈ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಎರಡರ ಬದಲು ಮೂರು ಇರುತ್ತದೆ. ಹೆಚ್ಚಿನ ಸಲ ಅದು ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಆದ ಎಡವಟ್ಟು, ಮುತ್ತಜ್ಜನಿಂದ ಬಂದ ಆಸ್ತಿ ಅಲ್ಲ.

'ನಮ್ಮ ಕಡೆ ಯಾರಿಗೂ ಇಲ್ಲ' ಅನ್ನುವ ಮಾತಿಗೆ ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಒಳ್ಳೆ ಉತ್ತರ. ಗಂಡನ ಕಡೆಯವರೂ ಹಾಗೇ ಹೇಳುತ್ತಾರೆ, ಹೆಂಡತಿ ಕಡೆಯವರೂ ಹಾಗೇ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೆಟ್ಟ ಜೀನ್‌ನ ಒಂದೇ ಪ್ರತಿ ಇದ್ದವರು ಸಾಮಾನ್ಯವಾಗಿ ಆರಾಮಾಗಿರುತ್ತಾರೆ. ಎರಡೂ ಕಡೆಯಿಂದ ಒಂದೊಂದು ಪ್ರತಿ ಮಗುವಿಗೆ ಬಂದರೆ ಮಾತ್ರ ತೀವ್ರ ಕಾಯಿಲೆ. ಅಪ್ಪ ಅಮ್ಮ ಇಬ್ಬರಲ್ಲೂ ಅಂಥ ಒಂದೊಂದು ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಅರ್ಧ ಪಾಲು ಅಪ್ಪನದೇ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದರೆ ಇಬ್ಬರಲ್ಲೂ ಒಂದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಆ ಮದುವೆ ಮಾಡಿಸಿದ ಹಿರಿಯರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸೀಳುತುಟಿಗೆ ಬಂದರೆ, ಅದರಲ್ಲಿ ಜೀನ್‌ ಪಾಲೂ ಇದೆ, ಪರಿಸರದ ಪಾಲೂ ಇದೆ. ಪರಿಸರ ಅಂದಕೂಡಲೇ ಗಿಡಮರ ನೆನಪಾಗುತ್ತದೆ. ಡಾಕ್ಟರ ಬಾಯಲ್ಲಿ ಆ ಪದಕ್ಕೆ ಜೀನ್ ಬಿಟ್ಟು ಉಳಿದದ್ದೆಲ್ಲ ಅಂತ ಅರ್ಥ. ಸಿಗರೇಟಿನ ಹೊಗೆ, ಮೂರ್ಛೆರೋಗದ ಕೆಲವು ಮಾತ್ರೆ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಇವೆಲ್ಲ ಅದರೊಳಗೆ. ಇವು ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದರೆ ಎದುರಿಗಿರುವ ಒಂದು ಮಗುವನ್ನು ತೋರಿಸಿ ಇಂಥದ್ದರಿಂದಲೇ ಆಯಿತು ಅಂತ ಹೆಚ್ಚಿನ ಸಲ ಹೇಳಲು ಬರುವುದಿಲ್ಲ.

ತುಟಿ ಆಗುವ ಹೊತ್ತು ಮಾತ್ರ ಚೆನ್ನಾಗಿ ಗೊತ್ತಿದೆ. ಎರಡು ಕಡೆಯಿಂದ ಬೆಳೆದು ಬಂದ ಅಂಗಾಂಶ ನಡುವೆ ಕೂಡಬೇಕು. ಅದು ನಡೆಯುವುದು ಬಸಿರಿನ ನಾಲ್ಕರಿಂದ ಏಳನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಅಷ್ಟು ಹೊತ್ತಿಗೆ ಮುಟ್ಟು ನಿಂತದ್ದೇ ಸರಿಯಾಗಿ ಖಾತ್ರಿಯಾಗಿರುವುದಿಲ್ಲ.

ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆವು. ಗ್ರಹಣ ಬಂದಾಗ ಬಾಣಂತಿಗೆ ಐದು ತಿಂಗಳು ತುಂಬಿತ್ತು. ತುಟಿ ಕೂಡುವ ಹೊತ್ತು ಮುಗಿದು ಆಗಲೇ ಮೂರು ತಿಂಗಳಾಗಿತ್ತು. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, 'ಹಂಗಾದ್ರೆ ಡಾಕ್ಟ್ರು ಯಾರ ತಪ್ಪು ಅಂತಾರೆ?' ಅಂದರು.