ನಕ್ಷೆಯಲ್ಲಿ ನಿಲ್ದಾಣವಿದೆ, ರೈಲು ತಿರುಗಲು ಹಳಿ ಇದೆಯೇ?

ನಮ್ಮ ಮೆಟ್ರೋ ಕುರಿತು ಬಡಾವಣೆಯ ಸಂಘಗಳು ಬರೆಯುವ ಮನವಿಗಳಲ್ಲಿ ಒಂದು ಬೇಡಿಕೆ ತಪ್ಪದೆ ಇರುತ್ತದೆ: ‘ಬೆಳಗಿನ ಹೊತ್ತು ನಮ್ಮ ನಿಲ್ದಾಣದಿಂದಲೇ ಒಂದು ಖಾಲಿ ರೈಲು ಹೊರಡಿಸಿ.’ ಬೇಡಿಕೆಯ ಹಿಂದಿರುವ ಕಷ್ಟ ನಿಜವಾದದ್ದೇ. ತುಂಬಿ ಬಂದ ಎರಡು ರೈಲುಗಳನ್ನು ಬಿಟ್ಟು ಮೂರನೆಯದಕ್ಕೆ ಹೇಗೋ ನುಗ್ಗುವವರು ಬೇರೇನು ಕೇಳಬೇಕು? ಆದರೆ ಈ ಮನವಿ ಬರೆಯುವವರಲ್ಲಿ ಬಹುತೇಕರು ಒಂದು ಸಂಗತಿಯನ್ನು ಗಮನಿಸಿರುವುದಿಲ್ಲ. ಎಷ್ಟು ಸಲ ವಿವರಿಸಿದರೂ ಮುಂದಿನ ಮನವಿಯಲ್ಲಿ ಅದೇ ಸಾಲು ಮತ್ತೆ ಬರುತ್ತದೆ. ಒಂದು ನಿಲ್ದಾಣದಿಂದ ಖಾಲಿ ರೈಲು ಹೊರಡಬೇಕಾದರೆ ಅದು ಮೊದಲು ಅಲ್ಲಿ ದಿಕ್ಕು ತಿರುಗಬೇಕು, ತಿರುಗಲು ಹಳಿ ಬೇಕು. ಇಲ್ಲಿ ಅದೊಂದನ್ನೇ ಬಿಡಿಸಿ ಹೇಳುತ್ತೇನೆ.

ಮೆಟ್ರೋದ ಸಾಮಾನ್ಯ ನಿಲ್ದಾಣದಲ್ಲಿ ಎರಡೇ ಹಳಿ, ಒಂದು ಹೋಗಲು, ಇನ್ನೊಂದು ಬರಲು. ಅವೆರಡಕ್ಕೂ ಅಲ್ಲಿ ಸಂಬಂಧವೇ ಇರುವುದಿಲ್ಲ. ಬಸ್ಸಾದರೆ ಸರ್ಕಲ್ಲಿನಲ್ಲಿ ಸುತ್ತು ಹೊಡೆದು ಎದುರು ದಿಕ್ಕಿಗೆ ನಿಲ್ಲಬಹುದು. ರೈಲು ವಾಪಸ್ ಬರಬೇಕಾದರೆ ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವ ಓರೆ ಹಳಿ, ಅಂದರೆ ಕ್ರಾಸೋವರ್, ಇರಲೇಬೇಕು. ಅದು ಪ್ರತಿ ನಿಲ್ದಾಣದಲ್ಲೂ ಇರುವುದಿಲ್ಲ. ಪ್ರಯಾಣಿಕರ ನಕ್ಷೆಯಲ್ಲಿ ಎಲ್ಲ ನಿಲ್ದಾಣಕ್ಕೂ ಒಂದೇ ಬಗೆಯ ಚುಕ್ಕೆ. ಕಾರ್ಯಾಚರಣೆಯವರ ಮೇಜಿನ ಮೇಲಿರುವ ಹಳಿ ನಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಕೆಲವು ನಿಲ್ದಾಣಗಳ ತಲೆಗೋ ಬಾಲಕ್ಕೋ ಓರೆಗೆರೆಗಳಿರುತ್ತವೆ, ಉಳಿದೆಡೆ ಎರಡು ನೇರ ಗೆರೆ ಮಾತ್ರ.

ಓರೆಗೆರೆ ಎಲ್ಲೆಲ್ಲಿ ಇರುತ್ತದೆ ಎಂಬುದಕ್ಕೆ ಮಾರ್ಗದ ಚರಿತ್ರೆಯೇ ಅರ್ಧ ಉತ್ತರ. ನೇರಳೆ ಮಾರ್ಗ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಶುರುವಾಯಿತು. ಬೈಯಪ್ಪನಹಳ್ಳಿ 2023ರವರೆಗೂ ಪೂರ್ವದ ಕೊನೆಯಾಗಿತ್ತು. ಮೈಸೂರು ರಸ್ತೆ 2021ರವರೆಗೆ ಪಶ್ಚಿಮದ ಕೊನೆ. ಹಸಿರು ಮಾರ್ಗದಲ್ಲಿ ಯಲಚೇನಹಳ್ಳಿ 2021ರವರೆಗೆ, ನಾಗಸಂದ್ರ 2024ರ ನವೆಂಬರ್‌ವರೆಗೆ ಕೊನೆಯ ನಿಲ್ದಾಣಗಳು. ಇವೆಲ್ಲ ವರ್ಷಗಟ್ಟಲೆ ರೈಲು ತಿರುಗಿಸಿದ ಜಾಗಗಳು, ಹಾಗಾಗಿ ಆ ಏರ್ಪಾಡು ಅಲ್ಲಿ ಮೊದಲಿನಿಂದಲೂ ಇದೆ. ಮಾರ್ಗದಲ್ಲಿ ತೊಂದರೆಯಾದಾಗ ‘ರೈಲು ಇಲ್ಲಿಂದ ಇಲ್ಲಿಯವರೆಗೆ ಮಾತ್ರ’ ಎಂದು ಘೋಷಿಸುವಾಗ ಹೇಳುವ ಎರಡು ಹೆಸರುಗಳೂ ಹೀಗೆ ಕ್ರಾಸೋವರ್ ಇರುವ ನಿಲ್ದಾಣಗಳದ್ದೇ. ಅಧಿಕಾರಿ ಮನಸ್ಸಿಗೆ ಬಂದಂತೆ ಆರಿಸಿದ್ದಲ್ಲ.

ಇಷ್ಟಾದ ಮೇಲೆ ಬರುವ ಪ್ರಶ್ನೆ: ಕ್ರಾಸೋವರ್ ಇದ್ದರೆ ಸಾಕಲ್ಲ, ಎಷ್ಟು ಬೇಕಾದರೂ ರೈಲು ಓಡಿಸಬಹುದಲ್ಲ? ಇಲ್ಲ. ಅತಿ ಹೆಚ್ಚು ಗೊಂದಲ ಇಲ್ಲೇ.

ಹಳದಿ ಮಾರ್ಗದ ಉದಾಹರಣೆಯೇ ಈ ಗೊಂದಲವನ್ನು ಬೆಳೆಸಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ., 16 ನಿಲ್ದಾಣಗಳ ಈ ಮಾರ್ಗ 2025ರ ಆಗಸ್ಟ್‌ನಲ್ಲಿ ಮೂರೇ ರೈಲಿನೊಂದಿಗೆ ಆರಂಭವಾಯಿತು, 25 ನಿಮಿಷಕ್ಕೊಂದು. ನಾಲ್ಕನೆಯದು ಬಂದಾಗ ಅಂತರ 19 ನಿಮಿಷಕ್ಕೆ ಇಳಿಯಿತು, ಐದನೆಯದು ಬಂದಾಗ 15ಕ್ಕೆ. ಗುಣಿಸಿ ನೋಡಿ: ಮೂರು ಇಪ್ಪತ್ತೈದು 75, ನಾಲ್ಕು ಹತ್ತೊಂಬತ್ತು 76, ಐದು ಹದಿನೈದು 75. ಒಂದು ರೈಲು ಹೋಗಿ, ತಿರುಗಿ, ಬಂದು, ಮತ್ತೆ ತಿರುಗಿ ನಿಲ್ಲಲು ಬೇಕಾದ ಒಟ್ಟು ಸಮಯ ಸುಮಾರು 75 ನಿಮಿಷ. ಅದನ್ನು ರೈಲುಗಳ ಸಂಖ್ಯೆಯಿಂದ ಭಾಗಿಸಿದರೆ ಕಾಯುವ ಅಂತರ ಸಿಗುತ್ತದೆ. ರೈಲು ಕಡಿಮೆ ಇರುವಾಗ ಈ ಭಾಗಾಕಾರ ಪೂರ್ತಿ ಸರಿ. ಆದ್ದರಿಂದಲೇ ಜನ ‘ಇನ್ನೂ ರೈಲು ತನ್ನಿ, ಅಂತರ ಇಳಿಯುತ್ತದೆ’ ಎಂದುಕೊಂಡರು. 25 ರೈಲು ಇದ್ದರೆ 3 ನಿಮಿಷ ಬರುತ್ತದೆ, ಲೆಕ್ಕ ಹಾಗೇ ಹೇಳುತ್ತದೆ. 50 ಇದ್ದರೆ ಒಂದೂವರೆ ನಿಮಿಷ. ಆದರೆ ಹೊಸದಾಗಿ ಸೇರಿಸಿದ ಪ್ರತಿ ರೈಲೂ ಎರಡು ತುದಿಗಳಲ್ಲಿರುವ ಅದೇ ಓರೆ ಹಳಿಯ ಮೇಲೆ ಹಾಯಬೇಕು. ಒಂದು ಹಂತದ ನಂತರ ಅಂತರವನ್ನು ನಿರ್ಧರಿಸುವುದು ಭಾಗಾಕಾರವಲ್ಲ, ಆ ಓರೆ ಹಳಿ.

ಅದರ ಲೆಕ್ಕವನ್ನು ನಿಧಾನವಾಗಿ ನೋಡೋಣ. ಭಾರತದ ಸ್ಟ್ಯಾಂಡರ್ಡ್ ಗೇಜ್ ಮೆಟ್ರೋಗಳ ಮುಖ್ಯ ಮಾರ್ಗದಲ್ಲಿ ಒಂದು ಹಳಿಯಿಂದ ಇನ್ನೊಂದು ಒಡೆಯುವ ಜಾಗದಲ್ಲಿ ಸಾಮಾನ್ಯವಾಗಿ ಬಳಸುವುದು ‘ಒಂದಕ್ಕೆ ಒಂಬತ್ತು’ ಕವಲು. ಒಂಬತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡು ಹಳಿಗಳ ಮಧ್ಯರೇಖೆಗಳ ನಡುವೆ 4.5 ಮೀ. ಇದ್ದರೆ ಓರೆ ಭಾಗವೇ 40.5 ಮೀ. ಕವಲಿನ ತ್ರಿಜ್ಯ 300 ಮೀ. ಎಂದಿಟ್ಟುಕೊಂಡರೆ ಎರಡೂ ಕಡೆ ಇನ್ನೂ 16–17 ಮೀ. ಸೇರಿ, ಒಂದು ಪಾಯಿಂಟ್‌ನ (ಕವಲಿನಲ್ಲಿ ರೈಲಿನ ದಾರಿ ಬದಲಿಸಲು ಸರಿಯುವ ಹಳಿ) ತುದಿಯಿಂದ ಇನ್ನೊಂದರ ತುದಿಗೆ ಸುಮಾರು 74 ಮೀ. ಆರು ಬೋಗಿಯ ರೈಲು ಸುಮಾರು 130 ಮೀ. ರೈಲಿನ ಮೂತಿ ಕ್ರಾಸೋವರ್ ದಾಟಿದರೆ ಸಾಲದು, ಬಾಲವೂ ದಾಟಬೇಕು. ಅಂದರೆ 204 ಮೀ., ಜೊತೆಗೆ ಪ್ಲಾಟ್‌ಫಾರ್ಮ್ ಮತ್ತು ಕ್ರಾಸೋವರ್ ನಡುವಿನ ಜಾಗ. ಒಟ್ಟು 230 ಮೀ. ಅಂದುಕೊಳ್ಳಿ. ಕವಲಿನ ಮೇಲೆ ವೇಗದ ಮಿತಿ ಗಂಟೆಗೆ 40 ಕಿ.ಮೀ. ನಿಂತಲ್ಲಿಂದ ಹೊರಟು, ಸೆಕೆಂಡಿಗೆ ಒಂದು ಮೀಟರ್‌ನಂತೆ ವೇಗ ಹೆಚ್ಚಿಸಿಕೊಂಡು ಅಷ್ಟು ದೂರ ತೆರವು ಮಾಡಲು 26 ಸೆಕೆಂಡ್.

ಒಂದೇ ಪ್ಲಾಟ್‌ಫಾರ್ಮ್ ಬಳಸಿ ತಿರುಗಿಸಿದರೆ ಏನಾಗುತ್ತದೆ? ಸಿಗ್ನಲ್ ಬಳಿ ಕಾದಿದ್ದ ರೈಲು ಒಳಗೆ ಬಂದು ನಿಲ್ಲಲು ಸುಮಾರು 33 ಸೆಕೆಂಡ್. ಚಾಲಕ ಮುಂದಿನ ಕ್ಯಾಬ್ ಮುಚ್ಚಿ 130 ಮೀ. ನಡೆದು ಹಿಂದಿನ ಕ್ಯಾಬ್ ತಲುಪಲು 100 ಸೆಕೆಂಡ್, ಜನ ಇಳಿಯುವುದು ಹತ್ತುವುದು ಅದರೊಳಗೇ ಮುಗಿಯುತ್ತದೆ. ಪಾಯಿಂಟ್ ಸರಿದು, ಲಾಕ್ ಆಗಿ, ಸಿಗ್ನಲ್ ಬೀಳಲು 10. ಹೊರಟು ತೆರವಾಗಲು 26. ಮುಂದಿನ ರೈಲಿಗಾಗಿ ಪಾಯಿಂಟ್ ಮತ್ತೆ ತಿರುಗಲು 10. ಕೂಡಿದರೆ 179 ಸೆಕೆಂಡ್, ಮೂರು ನಿಮಿಷಕ್ಕೆ ಒಂದೇ ಸೆಕೆಂಡ್ ಕಡಿಮೆ. ಬಾಗಿಲಿಗೆ ಯಾರೋ ಬ್ಯಾಗ್ ಅಡ್ಡ ಹಿಡಿದು ಹತ್ತು ಸೆಕೆಂಡ್ ಹೋದರೆ ಅದು ಆ ರೈಲಿನ ತಡವಾಗಿ ಉಳಿಯುವುದಿಲ್ಲ. ಹಿಂದಿನ ರೈಲು ಸಿಗ್ನಲ್ ಹೊರಗೆ ಹತ್ತು ಸೆಕೆಂಡ್ ಹೆಚ್ಚು ನಿಲ್ಲುತ್ತದೆ, ಅದರ ಹಿಂದಿನದೂ ಅಷ್ಟೇ. ಕೊನೆಯ ನಿಲ್ದಾಣ ಕಣ್ಣೆದುರೇ ಇದ್ದರೂ ರೈಲು ಯಾಕೆ ನಿಂತಿದೆ ಎಂದು ಕೇಳುವವರಿಗೆ ಉತ್ತರ ಇದೇ.

ಈ ಸೆಕೆಂಡುಗಳು ಲೆಕ್ಕದ ಬಗೆ ತೋರಿಸಲಷ್ಟೇ. ಪ್ರತಿ ನಿಲ್ದಾಣದ ಏರಿಳಿತ, ಸಿಗ್ನಲ್ ಇರುವ ಜಾಗ, ಬಳಸುವ ವ್ಯವಸ್ಥೆ ಬೇರೆ ಬೇರೆ, ಮೇಲಾಗಿ ವೇಳಾಪಟ್ಟಿ ಬರೆಯುವವರು ಒಂದಿಷ್ಟು ಬಿಡುವು ಇಟ್ಟುಕೊಳ್ಳಲೇಬೇಕು. ಹಾಗಾಗಿ ಯಾವುದೇ ಒಂದು ನಿಲ್ದಾಣಕ್ಕೆ ಇದನ್ನೇ ಹಿಡಿದು ವಾದಿಸಬೇಡಿ.

ಸಮಯ ಉಳಿಸುವ ದಾರಿಗಳಿವೆ. ಹಿಂದಿನ ಕ್ಯಾಬ್‌ನಲ್ಲಿ ಇನ್ನೊಬ್ಬ ಚಾಲಕರನ್ನು ಮೊದಲೇ ಸಿದ್ಧವಾಗಿಟ್ಟರೆ 100 ಸೆಕೆಂಡ್ 35ಕ್ಕೆ ಇಳಿಯುತ್ತದೆ. ಇಳಿದ ಚಾಲಕರು ಪ್ಲಾಟ್‌ಫಾರ್ಮ್‌ನಲ್ಲಿ ನಡೆದುಹೋಗಿ ಮುಂದಿನ ರೈಲು ಹಿಡಿಯುತ್ತಾರೆ. ಇದಕ್ಕೆ ಹಳಿಯ ಖರ್ಚಿಲ್ಲ, ಸಿಬ್ಬಂದಿ ಬೇಕು. ನಿಲ್ದಾಣಕ್ಕೆ ಮುಂಚೆ ಕತ್ತರಿ ಆಕಾರದ ಸಿಸರ್ಸ್ ಕ್ರಾಸೋವರ್ ಹಾಕಿ ಎರಡೂ ಪ್ಲಾಟ್‌ಫಾರ್ಮ್ ಬಳಸಿದರೆ ಒಂದು ರೈಲು ನಿಂತಿರುವಾಗಲೇ ಇನ್ನೊಂದು ಬರಬಹುದು. ಆದರೆ ಅಲ್ಲೂ ತೊಡಕಿದೆ: ಒಂದನೇ ಪ್ಲಾಟ್‌ಫಾರ್ಮ್‌ನಿಂದ ಓರೆಯಾಗಿ ಹೊರಡುವ ರೈಲೂ ಎರಡನೆಯದಕ್ಕೆ ಓರೆಯಾಗಿ ಬರುವ ರೈಲೂ ಕತ್ತರಿಯ ನಡುವೆ ಅಡ್ಡವಾಗುತ್ತವೆ. ಅವೆರಡರಲ್ಲಿ ಒಂದು ಕಾಯಲೇಬೇಕು. ಇನ್ನು ನಮ್ಮ ಎತ್ತರದ ನಿಲ್ದಾಣಗಳಲ್ಲಿ ಹೆಚ್ಚಿನವು ಎರಡು ಬದಿಗೆ ಪ್ಲಾಟ್‌ಫಾರ್ಮ್ ಇರುವಂಥವು. ಮುಂದಿನ ರೈಲು ಯಾವ ಕಡೆಯಿಂದ ಎಂದು ಮೊದಲೇ ಘೋಷಿಸದಿದ್ದರೆ ಜನ ಮೆಟ್ಟಿಲು ಇಳಿದು ಹತ್ತಿ ಓಡಾಡಬೇಕಾಗುತ್ತದೆ. ಮೊಣಕಾಲು ನೋವಿನ ಹಿರಿಯರಿಗೆ ಇದು ಸಣ್ಣ ತೊಂದರೆಯಲ್ಲ.

ಮಾರ್ಗದ ನಡುವೆ ತಿರುಗಿಸುವುದು ಇನ್ನೂ ಕಠಿಣ. 43.49 ಕಿ.ಮೀ. ಉದ್ದದ ನೇರಳೆ ಮಾರ್ಗವನ್ನು ಗಂಟೆಗೆ 33 ಕಿ.ಮೀ. ಸರಾಸರಿಯಲ್ಲಿ ಓಡಿದರೂ ಒಂದು ಕಡೆಗೇ 79 ನಿಮಿಷ ಬೇಕು. ಎರಡು ತುದಿಯ ತಿರುವು ಸೇರಿ 165 ಎಂದರೆ, 5 ನಿಮಿಷಕ್ಕೊಂದರಂತೆ 33 ರೈಲು, 3 ನಿಮಿಷಕ್ಕಾದರೆ 55. ಅಷ್ಟು ರೈಲಿಲ್ಲದಾಗ ದಟ್ಟಣೆಯ ಭಾಗಕ್ಕಷ್ಟೇ ಹೆಚ್ಚುವರಿ ರೈಲು ಓಡಿಸುವುದು ಜಾಣತನ. 2024ರಲ್ಲಿ ಮೆಜೆಸ್ಟಿಕ್–ಗರುಡಾಚಾರ್‌ಪಾಳ್ಯ ನಡುವೆ ದಟ್ಟಣೆಯ ಹೊತ್ತಿಗೆ ಇಂಥ ರೈಲು ಶುರುವಾದದ್ದು ಇದೇ ಕಾರಣಕ್ಕೆ. ಆದರೆ ನಡುವೆ ತಿರುಗುವ ರೈಲು ಜನರನ್ನು ಇಳಿಸಿ, ಕ್ರಾಸೋವರ್ ದಾಟಿ ಮುಂದಕ್ಕೆ ಹೋಗಿ, ಮುಖ್ಯ ಹಳಿಯ ಮೇಲೇ ನಿಂತು, ದಿಕ್ಕು ಬದಲಿಸಿ ವಾಪಸ್ ಬರಬೇಕು. ಅಷ್ಟು ಹೊತ್ತು ಹಿಂದಿನಿಂದ ಬರುವ ನೇರ ರೈಲಿಗೆ ದಾರಿಯಿಲ್ಲ. ಎರಡು ಹಳಿಗಳ ನಡುವೆ ಮೂರನೆಯದಾಗಿ ಪಾಕೆಟ್ ಟ್ರ್ಯಾಕ್ ಇದ್ದರೆ ಈ ತೊಡಕಿಲ್ಲ. ರೈಲು ಒಳಗೆ ಸರಿದುಕೊಳ್ಳುತ್ತದೆ, ಮುಖ್ಯ ಹಳಿ ತೆರವಾಗುತ್ತದೆ, ಕೆಟ್ಟ ರೈಲನ್ನು ತಂದು ನಿಲ್ಲಿಸಲೂ ಅದೇ ಜಾಗ.

‘ಹಾಗಾದರೆ ಈಗ ಹಾಕಿ’ ಎನ್ನುತ್ತಾರೆ. ರೈಲು ಓಡುತ್ತಿರುವ ವಯಾಡಕ್ಟ್ (ಕಂಬಗಳ ಮೇಲಿನ ಉದ್ದ ಸೇತುವೆ) ಮೇಲೆ ಅದು ಬಹುತೇಕ ಆಗದ ಕೆಲಸ. ಪಾಕೆಟ್ ಟ್ರ್ಯಾಕ್‌ಗೆ ಎರಡು ಮುಖ್ಯ ಹಳಿಗಳು ದೂರ ಸರಿಯಬೇಕು, ಮೇಲಿನ ಸೇತುವೆ ಅಗಲವಾಗಬೇಕು, ಕಂಬದ ಸ್ವರೂಪವೇ ಬದಲಾಗಬೇಕು. ಸಾದಾ ಕ್ರಾಸೋವರ್‌ಗೂ ನೇರವಾದ, ಏರಿಳಿತ ಕಡಿಮೆಯಿರುವ ಜಾಗ ಬೇಕು. ಬಿಸಿಲಿಗೆ ಹಿಗ್ಗುವ ಸೇತುವೆಯ ಎರಡು ಗರ್ಡರ್ ಸೇರುವ ಕೀಲಿನ ಮೇಲೆ ಪಾಯಿಂಟ್ ಕೂರಬಾರದು. ನಮ್ಮಲ್ಲಿ ವಿದ್ಯುತ್ ಬರುವುದು ಪಕ್ಕದ 750 ವೋಲ್ಟ್ ಡಿಸಿ ಮೂರನೇ ಹಳಿಯಿಂದ. ಕ್ರಾಸೋವರ್ ಇರುವಲ್ಲಿ ಅದನ್ನು ಕತ್ತರಿಸಿ ಅಂತರ ಬಿಡಬೇಕು, ಒಂದು ಬೋಗಿಯ ಶೂ, ಅಂದರೆ ಆ ಹಳಿಗೆ ತಾಗಿ ವಿದ್ಯುತ್ ಪಡೆಯುವ ಭಾಗ, ಅಂತರದಲ್ಲಿದ್ದಾಗ ಇನ್ನೊಂದರದು ಹಳಿಯ ಮೇಲಿರುವಂತೆ ಉದ್ದ ಹೊಂದಿಸಬೇಕು. ಪಾಯಿಂಟ್ ಸರಿಯಾಗಿ ಕೂರದೆ ಸಿಗ್ನಲ್ ಬೀಳದಂತೆ ತಡೆಯುವ ಇಂಟರ್‌ಲಾಕಿಂಗ್ ಬದಲಾಗಬೇಕು, ಅದರ ಪರೀಕ್ಷೆಯೆಲ್ಲ ರಾತ್ರಿ ವಿದ್ಯುತ್ ತೆಗೆದ ಕೆಲವೇ ಗಂಟೆಗಳಲ್ಲಿ ನಡೆಯಬೇಕು, ಕೊನೆಗೆ ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಒಪ್ಪಿಗೆ ಸಿಗಬೇಕು.

ಪ್ರತಿ ನಿಲ್ದಾಣಕ್ಕೂ ಒಂದೊಂದು ಹಾಕಿಬಿಡೋಣ ಎಂಬುದೂ ಸರಿಯಲ್ಲ. ಪಾಯಿಂಟ್ ಎಂದರೆ ಚಲಿಸುವ ಕಬ್ಬಿಣ. ಸರಿಯುವ ಟಂಗ್ ರೈಲ್ ಮತ್ತು ಅದು ಹೋಗಿ ಒರಗುವ ಸ್ಟಾಕ್ ರೈಲ್ ನಡುವೆ 5 ಮಿ.ಮೀ. ದಪ್ಪದ ತುಂಡು ಸಿಕ್ಕಿಸಿದರೆ ಪಾಯಿಂಟ್ ಲಾಕ್ ಆಗಬಾರದು, ಇದು ರೈಲ್ವೆಯ ಹಳೆಯ ಪರೀಕ್ಷೆ. ಒಂದು ಜಲ್ಲಿ ಚೂರು ಸಿಕ್ಕಿಕೊಂಡರೂ ಸಿಗ್ನಲ್ ಬೀಳುವುದಿಲ್ಲ. ಆಗ ಸಿಬ್ಬಂದಿ ಹಳಿಗಿಳಿದು, ಪರೀಕ್ಷಿಸಿ, ಕೈಯಿಂದಲೇ ಕ್ಲ್ಯಾಂಪ್ ಹಾಕಿ ಬೀಗ ಜಡಿಯಬೇಕಾಗುತ್ತದೆ. ಪಾಯಿಂಟ್ ಹೆಚ್ಚಾದಷ್ಟೂ ಕೆಡಬಹುದಾದ ಜಾಗಗಳೂ ಹೆಚ್ಚು. ಹಾಗೆಂದು ಅವು ತೀರ ವಿರಳವಾದರೂ ಕಷ್ಟ: ಎರಡು ಕ್ರಾಸೋವರ್ ನಡುವೆ 8 ಕಿ.ಮೀ. ಇದ್ದು ಒಂದು ಹಳಿಯಲ್ಲಿ ರೈಲು ಕೆಟ್ಟು ನಿಂತರೆ, ಉಳಿದ ಒಂದೇ ಹಳಿಯಲ್ಲಿ ಹೋಗಲು ಸುಮಾರು 15 ನಿಮಿಷ, ಬರಲು 15. ಅರ್ಧ ಗಂಟೆಗೊಂದು ರೈಲಿನಲ್ಲಿ ಬೆಂಗಳೂರಿನ ಬೆಳಗಿನ ದಟ್ಟಣೆ ತೀರದು.

ಮೆಜೆಸ್ಟಿಕ್‌ನಲ್ಲಿ ನೇರಳೆ ರೈಲನ್ನೇ ಹಸಿರು ಮಾರ್ಗಕ್ಕೆ ತಿರುಗಿಸಿ ಎನ್ನುವವರಿಗೆ ಒಂದೇ ಮಾತು: ಅಲ್ಲಿ ಎರಡೂ ಮಾರ್ಗಗಳು ಬೇರೆ ಬೇರೆ ಮಟ್ಟದಲ್ಲಿ ಅಡ್ಡ ಹಾಯುತ್ತವೆ. ಮುಂಬೈ ಲೋಕಲ್‌ನಂತೆ ವೇಗದ ರೈಲು ಕೇಳುವವರಿಗೆ: ಅಲ್ಲಿ ವೇಗದ ರೈಲಿಗೇ ಬೇರೆ ಜೋಡಿ ಹಳಿ ಇದೆ, ಇಲ್ಲಿ ಹಿಂದಿಕ್ಕಲು ಜಾಗವಿಲ್ಲ.

ಕೇಳಬೇಕಾದ ಜಾಗ ಈಗ ಬೇರೆ ಇದೆ. ಕೆಂಪಾಪುರದಿಂದ ಜೆ.ಪಿ. ನಗರ 4ನೇ ಹಂತ, ಹೊಸಹಳ್ಳಿಯಿಂದ ಕಡಬಗೆರೆ, ಹೀಗೆ ಒಟ್ಟು 44.65 ಕಿ.ಮೀ.ನ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ದಾರಿಯ ಸಂಘಗಳು ನಿಲ್ದಾಣದ ಹೆಸರಿಗೂ ಪಾರ್ಕಿಂಗ್‌ಗೂ ಬರೆಯುವ ಪತ್ರದಲ್ಲಿ ಮೂರು ಪ್ರಶ್ನೆ ಸೇರಿಸಲಿ: ಕ್ರಾಸೋವರ್ ಯಾವ ಯಾವ ನಿಲ್ದಾಣದ ಯಾವ ತುದಿಯಲ್ಲಿ? ಪಾಕೆಟ್ ಟ್ರ್ಯಾಕ್ ಎಷ್ಟು, ಅದರಲ್ಲಿ ಆರು ಬೋಗಿಯ ರೈಲು ಪೂರ್ತಿ ಹಿಡಿಸುತ್ತದೆಯೇ? ಕೊನೆಯ ನಿಲ್ದಾಣದ ಆಚೆ ರೈಲು ನಿಲ್ಲುವಷ್ಟು ಹಳಿ ಬಿಟ್ಟಿದ್ದಾರೆಯೇ? ಮೇಲೆ ರೈಲು, ಕೆಳಗೆ ಫ್ಲೈಓವರ್ ಎಂಬ ಎರಡು ಅಂತಸ್ತಿನ ಯೋಜನೆ ಇರುವಲ್ಲಿ ಇವನ್ನು ಅಡಿಪಾಯ ಹಾಕುವ ಮೊದಲೇ ಕೇಳಬೇಕು, ಯಾಕೆಂದರೆ ಅಲ್ಲಿ ಕಂಬದ ಅಗಲ ಒಮ್ಮೆ ನಿಗದಿಯಾದರೆ ಮೇಲಿನ ಹಳಿಯ ಜೊತೆಗೆ ಕೆಳಗಿನ ರಸ್ತೆಯೂ ಅದಕ್ಕೆ ಕಟ್ಟುಬಿದ್ದಿರುತ್ತದೆ.