ಮೆಥಡಿಸ್ಟ್ ಸಭೆಯ ಆಡಳಿತ: ಅಧ್ಯಕ್ಷರ ಕುರ್ಚಿ ನೋಡಿ ನೆನಪಿಡುವ ಟಿಪ್ಪಣಿ

ಈ ಟಿಪ್ಪಣಿ ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಸ್ಥಳೀಯ ಸಭೆಗೆ, ಅಂದರೆ ಒಂದು ಊರಿನ ಚರ್ಚಿನ ಭಕ್ತ ಸಮುದಾಯಕ್ಕೆ, ಸೀಮಿತ. 1968ರಲ್ಲಿ ಮೆಥಡಿಸ್ಟ್ ಚರ್ಚು ಮತ್ತು ಇವಾಂಜೆಲಿಕಲ್ ಯುನೈಟೆಡ್ ಬ್ರೆದ್ರನ್ ಚರ್ಚು ಒಂದಾಗಿ ಈ ಪಂಗಡ ಹುಟ್ಟಿತು. ನಿಯಮಗಳೆಲ್ಲ ‘ಬುಕ್ ಆಫ್ ಡಿಸಿಪ್ಲಿನ್’ನಲ್ಲಿವೆ. ಅದನ್ನು ತಿದ್ದುವ ಅಧಿಕಾರ, ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುವ, ಇಡೀ ಪಂಗಡದ ಪ್ರತಿನಿಧಿಗಳ ಕೂಟವಾದ ಜನರಲ್ ಕಾನ್ಫರೆನ್ಸಿಗೆ ಮಾತ್ರ ಇದೆ. ಒಂದು ಪ್ರದೇಶದ ಮೇಲ್ವಿಚಾರಕ ಬಿಷಪ್, ಅವರ ಕೆಳಗೆ ಒಂದು ಜಿಲ್ಲೆಯ ಸಭೆಗಳನ್ನು ನೋಡಿಕೊಳ್ಳುವ ಜಿಲ್ಲಾ ಸೂಪರಿಂಟೆಂಡೆಂಟ್, ಸಭೆಯಲ್ಲಿ ಬೋಧಿಸುವ ಪಾಲಕರು (ಪಾಸ್ಟರ್): ಮೇಲಿನ ಏಣಿ ಇಷ್ಟೇ. ನೇರವಾಗಿ ಸಭೆಯೊಳಗೆ ಹೋಗೋಣ.

ಸಮಿತಿಗಳ ಹೆಸರು ಉರು ಹೊಡೆದರೆ ಪ್ರಯೋಜನವಿಲ್ಲ. ಪ್ರತಿಯೊಂದರಲ್ಲೂ ಅಧ್ಯಕ್ಷರ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ನೋಡಿ. ಅಧಿಕಾರ ಯಾವ ಕಡೆಯಿಂದ ಹರಿಯುತ್ತದೆ ಎಂಬುದು ತಾನೇ ತಿಳಿಯುತ್ತದೆ. ಪದಾಧಿಕಾರಿಗಳನ್ನು ಆರಿಸುವ ಕೂಟವಾದ ಚಾರ್ಜ್ ಕಾನ್ಫರೆನ್ಸಿನಲ್ಲಿ ಆ ಕುರ್ಚಿಯಲ್ಲಿ ಕೂರುವವರು ಜಿಲ್ಲಾ ಸೂಪರಿಂಟೆಂಡೆಂಟ್, ಇಲ್ಲವೇ ಅವರು ನೇಮಿಸಿದ ಎಲ್ಡರ್ (ದೀಕ್ಷೆ ಪಡೆದ ಬೋಧಕರು). ಸಭಾ ಮಂಡಳಿಯಲ್ಲಿ ಚಾರ್ಜ್ ಕಾನ್ಫರೆನ್ಸ್ ಆರಿಸಿದ ಸಭಿಕರೊಬ್ಬರು. ಆಸ್ತಿ ನೋಡಿಕೊಳ್ಳುವ ಟ್ರಸ್ಟಿಗಳು ತಮ್ಮೊಳಗಿನಿಂದಲೇ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ನಾಮನಿರ್ದೇಶನ ಸಮಿತಿಯಲ್ಲಿ ಮಾತ್ರ ಪಾಲಕರೇ ಅಧ್ಯಕ್ಷರು. ಭಾನುವಾರ ವೇದಿಕೆಯ ಮೇಲೆ ನಿಲ್ಲುವ ವ್ಯಕ್ತಿಗೆ ಇವುಗಳಲ್ಲಿ ಸಿಗುವುದು ಈ ಒಂದೇ ಕುರ್ಚಿ. ಆದರೆ ಅದನ್ನು ಸಣ್ಣದೆಂದು ತಿಳಿಯಬಾರದು: ಉಳಿದ ಸಮಿತಿಗಳಿಗೆ ಯಾರ ಹೆಸರು ಹೋಗಬೇಕು ಎಂಬ ಚರ್ಚೆ ನಡೆಯುವುದು ಅಲ್ಲಿಯೇ.

ಚಾರ್ಜ್ ಎಂದರೆ ಒಬ್ಬ ಪಾಲಕರನ್ನು ನೇಮಿಸುವ ಘಟಕ. ಅದರಲ್ಲಿ ಒಂದೇ ಸಭೆ ಇರಬಹುದು, ಮೂರೂ ಇರಬಹುದು. ಚಾರ್ಜ್ ಕಾನ್ಫರೆನ್ಸ್ ವರ್ಷಕ್ಕೆ ಒಮ್ಮೆಯಾದರೂ ಸೇರಿ ಪದಾಧಿಕಾರಿಗಳನ್ನು ಆರಿಸುತ್ತದೆ, ಪಾಲಕರ ಸಂಬಳ ನಿಗದಿ ಮಾಡುತ್ತದೆ. ಅದರ ಪರವಾಗಿ ವರ್ಷವಿಡೀ ಕೆಲಸ ನಡೆಸುವುದು ಸಭಾ ಮಂಡಳಿ. ಮಂಡಳಿಯ ಸದಸ್ಯರೇ ಬಹುಪಾಲು ಕಾನ್ಫರೆನ್ಸಿನಲ್ಲೂ ಕೂರುವುದರಿಂದ ಎರಡೂ ಒಂದೇ ಎನಿಸುತ್ತದೆ. ಆಗಲೂ ಕುರ್ಚಿಯನ್ನು ನೋಡಿ: ಜಿಲ್ಲೆಯಿಂದ ಯಾರಾದರೂ ಬಂದು ಕೂತಿದ್ದರೆ ಅದು ಕಾನ್ಫರೆನ್ಸ್. ಎಲ್ಲ ಸದಸ್ಯರಿಗೂ ಮತ ಕೊಟ್ಟು ಕರೆದರೆ ಅದಕ್ಕೆ ಚರ್ಚ್ ಕಾನ್ಫರೆನ್ಸ್ ಎನ್ನುತ್ತಾರೆ.

ಇನ್ನು ನಿಜವಾದ ಗಂಟು: ಪಾಲಕ–ಸಭೆ ಸಂಬಂಧ ಸಮಿತಿ. ಐದರಿಂದ ಒಂಬತ್ತು ಸದಸ್ಯರಿರುವ ಈ ಸಮಿತಿ ಪಾಲಕರೊಂದಿಗೆ ಸಮಾಲೋಚಿಸುತ್ತದೆ, ವರ್ಷಕ್ಕೊಮ್ಮೆ ಅವರ ಸೇವೆಯ ಮೌಲ್ಯಮಾಪನ ಮಾಡುತ್ತದೆ, ಸಂಬಳದ ಬಗ್ಗೆ ಶಿಫಾರಸು ಕೊಡುತ್ತದೆ. ಇಷ್ಟನ್ನು ಓದಿದವರಿಗೆ ‘ಹಾಗಾದರೆ ಪಾಲಕರ ಮಾಲೀಕರು ಇವರೇ’ ಎನಿಸುವುದು ಸಹಜ. ಅಲ್ಲ. ಮೌಲ್ಯಮಾಪನ ಮಾಡುವವರು ಬೇರೆ, ಸಂಬಳ ಕೊಡುವವರು ಬೇರೆ, ನೇಮಿಸುವವರು ಬೇರೆ. ನೇಮಕ ಬಿಷಪ್ಪರದು. ಸಮಿತಿ ಅವರಿಗೂ ಸೂಪರಿಂಟೆಂಡೆಂಟರಿಗೂ ಸಲಹೆ ಕೊಡಬಹುದು, ಅಷ್ಟೇ. ಪಾಲಕರ ಬದಲಾವಣೆ ಬೇಕೆಂದು ಸಮಿತಿ ಕೇಳಬಹುದು. ಪಾಲಕರೂ, ಸೂಪರಿಂಟೆಂಡೆಂಟರೂ, ಬಿಷಪ್ಪರೂ ಆ ಮಾತನ್ನು ಎತ್ತಬಹುದು. ನಿರ್ಧಾರ ಮಾತ್ರ ಬಿಷಪ್ಪರ ಕೈಯಲ್ಲಿ.

ಯಾಕೆ ಹೀಗೆ? ನೇಮಕಗೊಂಡ ಪಾಲಕರ ಸದಸ್ಯತ್ವ ಇರುವುದು ಒಂದು ಪ್ರದೇಶದ ಸಭೆಗಳನ್ನೆಲ್ಲ ಒಳಗೊಂಡ ಆನ್ಯುಯಲ್ ಕಾನ್ಫರೆನ್ಸಿನಲ್ಲಿ, ತಾವು ಬೋಧಿಸುವ ಸಭೆಯಲ್ಲಿ ಅಲ್ಲ. ಈ ಒಂದು ವಾಕ್ಯ ಮನಸ್ಸಿನಲ್ಲಿ ನಿಂತರೆ ಉಳಿದ ಗಂಟೆಲ್ಲ ಸಡಿಲವಾಗುತ್ತದೆ. ಮೆಥಡಿಸ್ಟ್ ಚಳವಳಿ ಆರಂಭಿಸಿದ ಜಾನ್ ವೆಸ್ಲಿಯವರ ಕಾಲದಿಂದಲೂ ಬೋಧಕರು ಊರೂರು ಸುತ್ತುವವರು. ಅವರಿಲ್ಲದಾಗ ಜನರನ್ನು ನೋಡಿಕೊಂಡವರು ಸ್ಥಳೀಯ ಕ್ಲಾಸ್ ಲೀಡರುಗಳು, ಅಂದರೆ ಸಭಿಕರ ಸಣ್ಣ ಗುಂಪುಗಳ ಮುಖಂಡರು. ಪಾಲಕರು ಬಂದು ಹೋಗುವವರು, ಸಭಿಕರು ಉಳಿಯುವವರು ಎಂಬ ಆ ಲೆಕ್ಕದ ಮೇಲೆಯೇ ಇಂದಿನ ಸಮಿತಿಗಳೂ ನಿಂತಿವೆ. ಹಾಗಾಗಿ ಆರ್ಗನ್ ನುಡಿಸುವವರನ್ನು, ಕಚೇರಿಯ ನೌಕರರನ್ನು ಸಭೆಯೇ ನೇಮಿಸಿಕೊಳ್ಳುತ್ತದೆ, ಬೇಡವಾದರೆ ಬಿಡಿಸುತ್ತದೆ. ಪಾಲಕರನ್ನು ಹಾಗೆ ಮಾಡಲಾಗದು. ಪಾಲಕರ ಬೆನ್ನ ಹಿಂದೆ ಸಮಿತಿ ಗುಟ್ಟಾಗಿ ಸೇರುವಂತೆಯೂ ಇಲ್ಲ: ಪಾಲಕರಿಗೋ ಸೂಪರಿಂಟೆಂಡೆಂಟರಿಗೋ ತಿಳಿದಿರಲೇಬೇಕು. ಪಾಲಕರನ್ನು ಹೊರಗಿಟ್ಟು ಸೂಪರಿಂಟೆಂಡೆಂಟರ ಜೊತೆ ಮಾತನಾಡಬಹುದು. ಆದರೆ ಅದನ್ನು ಮೊದಲೇ ಪಾಲಕರಿಗೆ ತಿಳಿಸಬೇಕು, ಮುಗಿದ ಕೂಡಲೇ ಅವರನ್ನೂ ಮಾತಿಗೆ ಸೇರಿಸಿಕೊಳ್ಳಬೇಕು. ಪಾಲಕರ ಮನೆಯವರು ಈ ಸಮಿತಿಯಲ್ಲಿ ಕೂರುವಂತಿಲ್ಲ. ಇಡೀ ಪುಸ್ತಕದಲ್ಲಿ ಮನುಷ್ಯ ಸ್ವಭಾವವನ್ನು ಚೆನ್ನಾಗಿ ಅರಿತು ಬರೆದ ಭಾಗ ಇದೇ ಎಂದು ನನ್ನ ಎಣಿಕೆ.

ಹಣಕಾಸು ಸಮಿತಿ ಬೇಗ ಮುಗಿಯುತ್ತದೆ. ಬಜೆಟ್ ತಯಾರಿಸುವುದು ಸಮಿತಿ, ಒಪ್ಪುವುದು ಮಂಡಳಿ. ಕಾಣಿಕೆ ಎಣಿಸಲು ಪರಸ್ಪರ ಸಂಬಂಧಿಗಳಲ್ಲದ ಇಬ್ಬರಾದರೂ ಬೇಕು. ಹಣ ಬಂದದ್ದನ್ನು ಬರೆದುಕೊಳ್ಳುವ ಆರ್ಥಿಕ ಕಾರ್ಯದರ್ಶಿಯೂ ಪಾವತಿ ಮಾಡುವ ಖಜಾಂಚಿಯೂ ಒಬ್ಬರೇ ಆಗಿರಬಾರದು, ಒಂದೇ ಮನೆಯವರೂ ಆಗಿರಬಾರದು.

ಟ್ರಸ್ಟಿಗಳು ಮೂವರಿಂದ ಒಂಬತ್ತು ಮಂದಿ. ಕಟ್ಟಡ, ಜಮೀನು, ವಿಮೆ ಅವರ ಪಾಲು. ಆದರೆ ಆಸ್ತಿಯನ್ನು ಅವರು ಇಡೀ ಪಂಗಡದ ಪರವಾಗಿ ನ್ಯಾಸವಾಗಿ ಹಿಡಿದಿರುತ್ತಾರೆ. ಸಭೆ ಪಂಗಡ ಬಿಟ್ಟು ಹೋದರೆ ಕಟ್ಟಡ ತಾನಾಗಿ ಜೊತೆಗೆ ಹೋಗುವುದಿಲ್ಲ. ಇದು ಬರೀ ಕಾಗದದ ಮಾತಲ್ಲ. 2019ರಲ್ಲಿ ಮಾಡಿದ ತಾತ್ಕಾಲಿಕ ನಿಯಮದಡಿ 2023ರ ಕೊನೆಯೊಳಗೆ ಅಮೆರಿಕದ 7,500ಕ್ಕೂ ಹೆಚ್ಚು ಸಭೆಗಳು ಪಂಗಡದಿಂದ ಹೊರಬಿದ್ದವು. ಆಸ್ತಿ ಉಳಿಸಿಕೊಳ್ಳಲು ಹಾಜರಿದ್ದ ಸದಸ್ಯರ ಮೂರನೇ ಎರಡು ಮತ ಸಾಲದಾಗಿತ್ತು. ಪಿಂಚಣಿ ಹೊಣೆಯ ಪಾಲನ್ನೂ ಆನ್ಯುಯಲ್ ಕಾನ್ಫರೆನ್ಸಿಗೆ ಸಲ್ಲಬೇಕಾದ ವಂತಿಗೆಯನ್ನೂ ತೆರಬೇಕಿತ್ತು.

ಸಣ್ಣ ಸಭೆಗಳಲ್ಲಿ ಇಷ್ಟೆಲ್ಲ ಕುರ್ಚಿ ತುಂಬಿಸಲು ಜನರೇ ಇರುವುದಿಲ್ಲ. ಸೂಪರಿಂಟೆಂಡೆಂಟರ ಒಪ್ಪಿಗೆ ಪಡೆದು ಎಲ್ಲ ಸಮಿತಿಗಳನ್ನೂ ಒಂದೇ ಮಂಡಳಿಯಲ್ಲಿ ಸೇರಿಸಬಹುದು. ಹೆಸರು ಒಂದಾದರೂ ಕೆಲಸಗಳು ಮಾಯವಾಗುವುದಿಲ್ಲ.

ಅಭ್ಯಾಸಕ್ಕೆ ಒಂದು ಪ್ರಶ್ನೆ: ಪಾಲಕರ ನಿವಾಸವನ್ನು ಮಾರಬೇಕು, ಯಾರು ಒಪ್ಪಬೇಕು? ಟ್ರಸ್ಟಿಗಳು ಎಂದು ಬರೆದು ನಿಲ್ಲಿಸಿದರೆ ಉತ್ತರ ಅರ್ಧ. ಮಾರಾಟಕ್ಕೆ ಅನುಮತಿ ಕೊಡಬೇಕಾದದ್ದು ಚಾರ್ಜ್ ಕಾನ್ಫರೆನ್ಸ್. ಅದರ ಜೊತೆಗೆ ಪಾಲಕರ ಹಾಗೂ ಜಿಲ್ಲಾ ಸೂಪರಿಂಟೆಂಡೆಂಟರ ಲಿಖಿತ ಸಮ್ಮತಿಯೂ ಬೇಕು.