ಎರಚಲು ಮಳೆಗೆ ಎಷ್ಟು ಅಡಿ ತಾಡಪಾಲು?

ಹ್ಯಾಮಕ್‌ನಲ್ಲಿ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಮಲಗಿ ಮಳೆಗೆ ನೆನೆದವರನ್ನು ಕೇಳಿ ನೋಡಿ. ಮೇಲೆ ಕಟ್ಟಿದ ತಾಡಪಾಲೇ ಸೋರಿತು ಅನ್ನುವವರು ಕಡಿಮೆ. ನೀರು ಬಂದಿದ್ದು ಪಕ್ಕದಿಂದ, ಕಾಲಿನ ಕಡೆಯಿಂದ, ಇಲ್ಲವೇ ಹಗ್ಗದ ಮೇಲೆ ಹರಿದುಕೊಂಡು. ಅಂದಮೇಲೆ ಹಾಳೆಯ ಗುಣಕ್ಕಿಂತ ಅದರ ಅಳತೆ ಮತ್ತು ಕಟ್ಟುವ ರೀತಿಯೇ ದೊಡ್ಡದು, ಅಲ್ವಾ? ಅಗ್ಗದಲ್ಲಿ ಕೆಲಸ ಮುಗಿಸಬೇಕು ಅನ್ನುವವರಿಗೆ ಇದು ಒಳ್ಳೆಯ ಸುದ್ದಿ. ನೀರು ತಡೆಯುವ ಹಾಳೆ ಈಗ ದುಬಾರಿ ವಸ್ತುವೇ ಅಲ್ಲ. ಮಳೆಗಾಲ ಹತ್ತಿರ ಬಂದರೆ ಶಿರಸಿ, ಕುಮಟಾ ಪೇಟೆಯ ಅಂಗಡಿಗಳ ಮುಂದೆ ಅದು ರಾಶಿ ಬಿದ್ದಿರುತ್ತದೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆದರೆ ಮಲಗಿದವನಿಗೆ ಮಳೆ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಓರೆ ಅನ್ನುವುದು ಮುಖ್ಯ. 5 ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. 2 ಮಿಲಿಮೀಟರ್ ಹನಿಯ ವೇಗ ಆರೂವರೆ ಮೀಟರ್. 1 ಮಿಲಿಮೀಟರಿನದು 4 ಮೀಟರ್ ಅಷ್ಟೇ. ಹನಿ ಸಣ್ಣದಾದಷ್ಟೂ ನಿಧಾನ, ನಿಧಾನವಾದಷ್ಟೂ ಗಾಳಿ ಅದನ್ನು ಜಾಸ್ತಿ ದೂರ ತಳ್ಳುತ್ತದೆ. ಗಾಳಿಯೂ ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಬೀಸಿದರೆ 2 ಮಿಲಿಮೀಟರಿನ ಹನಿ ಸರಿಯಾಗಿ 45 ಡಿಗ್ರಿ ಓರೆಯಾಗಿ ಬರುತ್ತದೆ. ಜಡಿಮಳೆಯ ಸಣ್ಣ ಹನಿ ಇನ್ನೂ ಅಡ್ಡಡ್ಡ. ಧೋ ಎಂದು ಸುರಿಯುವ ಮಳೆಗಿಂತ ಎರಚಲೇ ಹೆಚ್ಚು ಕಾಡುವುದು ಇದಕ್ಕೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಮಾಡು ಇಳಿಜಾರಾಗಿ ಕೆಳತನಕ ಬಂದಿದ್ದರೂ ಮಳೆಗಾಲಕ್ಕೆ ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಆ ತಟ್ಟಿ ಎರಚಲಿಗೇ.

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯ ಹ್ಯಾಮಕ್‌ನ ಬಟ್ಟೆ 11 ಅಡಿ ಉದ್ದ. ಸರಿಯಾಗಿ ಜೋತುಬಿಟ್ಟು ಕಟ್ಟಿದರೆ ಅದರ ಎರಡು ತುದಿಗಳ ನಡುವಿನ ದೂರ 9 ಅಡಿ ಚಿಲ್ಲರೆ. ಮೇಲಿನ ತಾಡಪಾಲು 12 ಅಡಿ ಇದ್ದರೆ ಎರಡೂ ಕಡೆ ಹತ್ತಿರ ಹತ್ತಿರ ಒಂದೂವರೆ ಅಡಿ ಹೊರಚಾಚುತ್ತದೆ. ಇದು ಸಾಕಾ? ತಾಡಪಾಲು ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ನೋಡಬೇಕು. ಮಳೆ 45 ಡಿಗ್ರಿ ಓರೆ ಇದ್ದಾಗ ತಾಡಪಾಲು ಹ್ಯಾಮಕ್‌ನ ತುದಿಗಿಂತ ಎಷ್ಟು ಮೇಲಿರುತ್ತದೋ ಹನಿ ಅಷ್ಟೇ ಒಳಗೆ ನುಗ್ಗುತ್ತದೆ. ಒಂದು ಅಡಿ ಮೇಲಿದ್ದರೆ ಒಂದೂವರೆ ಅಡಿಯ ಚಾಚು ಧಾರಾಳ. ಮೂರು ಅಡಿ ಮೇಲೆ ಕಟ್ಟಿದರೆ ಕಾಲು ತೊಯ್ದು ತೊಪ್ಪೆ. ಅಂದರೆ ತಾಡಪಾಲನ್ನು ಎರಡು ಅಡಿ ಇಳಿಸಿ ಕಟ್ಟುವುದೂ ಒಂದೇ, ಎರಡೂ ತುದಿಗೆ ಎರಡೆರಡು ಅಡಿ ಜಾಸ್ತಿ ಹಾಳೆ ಕೊಳ್ಳುವುದೂ ಒಂದೇ. ಇಳಿಸುವುದಕ್ಕೆ ದುಡ್ಡು ಬೇಡ.

ಅಗಲಕ್ಕೂ ಇದೇ ಲೆಕ್ಕ. 9 ಅಡಿ ಅಗಲದ ಹಾಳೆಯನ್ನು ಮಾಡಿನ ಹಾಗೆ ಎರಡೂ ಕಡೆ 45 ಡಿಗ್ರಿ ಇಳಿಬಿಟ್ಟರೆ ಒಳಗೆ ಆರಡಿಗೂ ಸ್ವಲ್ಪ ಹೆಚ್ಚು ಅಗಲದ ಒಣ ಜಾಗ ಸಿಗುತ್ತದೆ. ಒಬ್ಬರಿಗೆ ಬೇಕಾದಷ್ಟಾಯಿತು. ಅದಕ್ಕೇ ನಾನು ಯಾರು ಕೇಳಿದರೂ 9×12 ತಗೊಳ್ಳಿ ಅನ್ನುತ್ತೇನೆ. 9×9ರ ಚೌಕವನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೂ ಉದ್ದ ಸುಮಾರು ಹನ್ನೆರಡೂವರೆ ಅಡಿ ಬರುತ್ತದೆ, ನಿಜ. ಆದರೆ ತುದಿಗಳು ಚೂಪಾಗಿ ತಲೆ, ಕಾಲಿನ ಹತ್ತಿರ ಅಗಲವೇ ಉಳಿಯುವುದಿಲ್ಲ. ಚಳಿಗಾಲದ ಇಬ್ಬನಿಗೆ ಅದು ಸರಿ. ನಮ್ಮ ಮಳೆಗೆ ಅಲ್ಲ.

ಇನ್ನು ಹಾಳೆ ಯಾವುದು? ಪೇಟೆಯಲ್ಲಿ ಸಿಗುವ ಸಾದಾ ತಾಡಪಾಲು ಅಂದರೆ ಪಾಲಿಥೀನ್ ಪಟ್ಟಿಗಳನ್ನು ನೇಯ್ದು, ಎರಡೂ ಬದಿಗೆ ತೆಳು ಪಾಲಿಥೀನನ್ನೇ ಲೇಪಿಸಿದ್ದು. ಅಡಿಕೆ ಒಣಗಿಸುವವರ ಮನೆಯ ಸಿಲ್ಪಾಲಿನ್ ಬೇರೆ ಜಾತಿ. ಅದರಲ್ಲಿ ನೇಯ್ಗೆ ಇಲ್ಲ, ಬೇರೆ ಬೇರೆ ದಿಕ್ಕಿಗೆ ಎಳೆದ ಪದರಗಳನ್ನು ಅಂಟಿಸಿರುತ್ತಾರೆ. ಒಂದು ಪದರ ಹರಿಯುವ ದಿಕ್ಕಿಗೆ ಇನ್ನೊಂದು ಅಡ್ಡ ನಿಲ್ಲುವುದರಿಂದ ಸೀಳು ಮುಂದೆ ಹೋಗುವುದಿಲ್ಲ. ಎರಡೂ ನೀರನ್ನು ಪೂರ್ತಿ ತಡೆಯುತ್ತವೆ. ತೊಂದರೆ ತೂಕದ್ದು. ಹಾಳೆಯ ಮೇಲೆ ಬರೆದಿರುವ ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 9×12 ಅಡಿ ಅಂದರೆ ಸುಮಾರು 10 ಚದರ ಮೀಟರ್. 90 ಜಿಎಸ್‌ಎಂ ಆದರೆ 900 ಗ್ರಾಂ, 250 ಆದರೆ ಎರಡೂವರೆ ಕಿಲೋ. ಅಂಗಳಕ್ಕೆ ಹಾಸುವ 8×6 ಮೀಟರಿನ 250 ಜಿಎಸ್‌ಎಂ ಹಾಳೆ 12 ಕಿಲೋ ತೂಗುತ್ತದೆ. ಅದನ್ನು ಹೊತ್ತು ಗುಡ್ಡ ಹತ್ತುವವರಿಗೆ ನನ್ನ ನಮಸ್ಕಾರ. ಹಾಸುವ ಹಾಳೆಗೆ ದಪ್ಪ ಬೇಕು, ಜನ ತುಳಿಯುತ್ತಾರೆ. ತಲೆ ಮೇಲಿನದಕ್ಕೆ 90ರಿಂದ 120 ಸಾಕು.

ಬೈಕೋ ಕಾರೋ ನಿಲ್ಲಿಸಿದ ಜಾಗದ ಹತ್ತಿರವೇ ಮಲಗುವವರಿಗೆ ಇದಕ್ಕಿಂತ ಜಾಸ್ತಿ ಖರ್ಚು ಸುಮ್ನೆ. ದಿನಗಟ್ಟಲೆ ನಡೆಯುವವರಾದರೆ ಲೇಪನವಿರುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ತಾಡಪಾಲು ನೋಡಬಹುದು. ಅವುಗಳಲ್ಲಿ ಚೆನ್ನಾಗಿರುವವು ಅರ್ಧ ಕಿಲೋ ಆಸುಪಾಸು ಬರುತ್ತವೆ. ಎರಡರಲ್ಲಿ ನನ್ನ ಮತ ಪಾಲಿಯೆಸ್ಟರಿಗೆ. ನೈಲಾನಿನ ಅಣುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ನೆನೆದ ನೈಲಾನ್ ಹಿಗ್ಗುತ್ತದೆ, ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿಗೆ ಜೋಲು ಬಿದ್ದಿರುತ್ತದೆ. ಪಾಲಿಯೆಸ್ಟರ್ ಹೀರುವ ನೀರು ತೀರಾ ಕಡಿಮೆ. ಇಂಥ ಬಟ್ಟೆಗಳ ಮೇಲೆ 1500, 3000, 5000 ಮಿಲಿಮೀಟರ್ ಅಂತ ಬರೆದಿರುತ್ತದೆ. ಅದು ಮಳೆಯ ಅಳತೆಯಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರ ನೀರು ನಿಲ್ಲಿಸಿದರೂ ಒಳಗೆ ಜಿನುಗದು ಎಂದು ಅರ್ಥ. ಒದ್ದೆ ನೆಲದ ಮೇಲೆ ಹಾಸಿ ಮಂಡಿಯೂರುವ ಡೇರೆಯ ತಳಕ್ಕೆ ದೊಡ್ಡ ಅಂಕಿ ಬೇಕು. ಇಳಿಜಾರಾಗಿ ಕಟ್ಟಿದ ಮಾಡಿಗೆ 1500 ಇದ್ದರೆ ಆಯಿತು. 5000ಕ್ಕೆ ಕೊಡುವ ಹೆಚ್ಚಿನ ಹಣದಲ್ಲಿ ಒಳ್ಳೆ ಹಗ್ಗ ಬರುತ್ತದೆ.

ಹಗ್ಗದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕಾರವಾರದ ದಂಡೆಯಲ್ಲಿ ಗಾಳಿ ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಏರಿದರೆ ಮಾಡಿನ ಹಾಗೆ ಇಳಿಬಿಟ್ಟ ಇಂಥ ತಾಡಪಾಲಿನ ಗಾಳಿಗೆ ಅಡ್ಡ ನಿಂತ ಬದಿಯ ಮೇಲೆ ಸುಮಾರು 20 ಕಿಲೋ ಭಾರದಷ್ಟು ತಳ್ಳು ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ಈ ಎಳೆತವೆಲ್ಲ ಅಂಚಿನ ಲೋಹದ ರಿಂಗುಗಳ ಮೇಲೆ ಬಂದು ಕೂರುತ್ತದೆ, ಅಗ್ಗದ ಹಾಳೆ ಮೊದಲು ಹರಿಯುವುದೂ ಅಲ್ಲೇ. ರಿಂಗನ್ನು ನಂಬಬೇಡಿ. ಮೂಲೆಯಿಂದ ನಾಲ್ಕು ಬೆರಳು ಒಳಗೆ ಒಂದು ಗೋಟಡಿಕೆ ಇಟ್ಟು, ಹಾಳೆಯನ್ನು ಅದರ ಸುತ್ತ ಮುದುರಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಎಳೆತ ಒಂದು ತೂತಿನ ಅಂಚಿಗೆ ಬೀಳದೆ ಸುತ್ತಲಿನ ಹಾಳೆಗೆ ಹಂಚಿಹೋಗುತ್ತದೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಗಟ್ಟಿ ಕೋಲಿನ ನಡುವಿಗೆ ಹಗ್ಗ ಕಟ್ಟಿ, ಕೋಲನ್ನು ಅಡ್ಡಲಾಗಿ ಒಂದೂವರೆ ಅಡಿ ಆಳದಲ್ಲಿ ಹೂಳಿದರೆ ಮೇಲಿನ ಮರಳೇ ಹಿಡಿದುಕೊಳ್ಳುತ್ತದೆ. ಮಳೆಗಾಲದ ಗಾಳಿ ಕಡಲ ಕಡೆಯಿಂದ ಬರುವುದರಿಂದ ತೆರೆದ ತುದಿ ಆ ಕಡೆ ಇರದಿರಲಿ. ಇಳಿಜಾರಿನ ಬದಿ ಕಡಲಿಗೆ ಮುಖ ಮಾಡಿ, ನೆಲಕ್ಕೆ ಹತ್ತಿರ ಇರಲಿ. ಹಾಳೆ ಎಲ್ಲೂ ಜೋತು ಹೊಂಡ ಆಗಬಾರದು. ಒಂದು ಚದರ ಮೀಟರ್ ಹೊಂಡದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೂ 10 ಕಿಲೋ.

ಘಟ್ಟದ ಮೇಲಿನ ಕಾಡಿನಲ್ಲಿ ಗಾಳಿ ಅಷ್ಟಿಲ್ಲ, ಆದರೆ ಮಳೆ ನಿಂತರೂ ಮರದ ಹನಿ ನಿಲ್ಲದು. ಮರದ ಮೈಮೇಲೆ ಇಳಿದ ನೀರು ಹ್ಯಾಮಕ್‌ನ ಹಗ್ಗ ಹಿಡಿದು ನೇರ ಒಳಗೆ ಬರುತ್ತದೆ. ತಾಡಪಾಲಿನ ನೆರಳಿನೊಳಗೆ ಬರುವ ಜಾಗದಲ್ಲಿ ಆ ಹಗ್ಗಕ್ಕೆ ಒಂದು ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ದಾರ ಹಿಡಿದು ನೆಲಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಶಿರಸಿ ಕಡೆ ಮಳೆಯೇ ಇಲ್ಲದೆ ಹಾಳೆಯ ಒಳಮೈ ಒದ್ದೆಯಾಗಿದ್ದರೆ ಗಾಬರಿ ಬೇಡ, ಅದು ಸೋರಿಕೆಯಲ್ಲ. ತಿಳಿ ಆಕಾಶಕ್ಕೆ ಶಾಖ ಕಳೆದುಕೊಂಡು ತಣ್ಣಗಾದ ಹಾಳೆಗೆ ಇಬ್ಬನಿ ಕೂತಿರುತ್ತದೆ.

ಕಟ್ಟುವ ಜಾಗದ ಬಗ್ಗೆ ಎರಡು ಮಾತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರಾತ್ರಿ ತಂಗುವಂತಿಲ್ಲ. ಪರಿಚಯದವರ ಮನೆಯ ಹಿಂದಿನ ಬೆಟ್ಟವೇ ಒಳ್ಳೆಯದು. ಅಡಿಕೆ ಮರಕ್ಕೆ ಮಾತ್ರ ಹ್ಯಾಮಕ್ ಕಟ್ಟಬೇಡಿ. 70 ಕಿಲೋದ ಮನುಷ್ಯ ಮಲಗಿದಾಗ ಹಗ್ಗ 30 ಡಿಗ್ರಿ ಇಳಿಜಾರಿದ್ದರೆ ಪ್ರತಿ ಹಗ್ಗದ ಎಳೆತ 70 ಕಿಲೋ. ಬಿಗಿಯಾಗಿ 10 ಡಿಗ್ರಿಗೆ ಕಟ್ಟಿದರೆ ಅದೇ 200 ಕಿಲೋ. ತೆಂಗಿನ ಮರ ಇದನ್ನು ತಡೆದೀತು, ಆದರೆ ಮೇಲಿಂದ ಬೀಳುವ ಕಾಯಿಯನ್ನು ಯಾವ ಜಿಎಸ್‌ಎಂ ತಡೆಯುತ್ತದೆ?

ಅಂಗಡಿಯಲ್ಲಿ ಹಾಳೆಯನ್ನು ಪೂರ್ತಿ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ತೂತು. ಅಂಚಿನ ಮಡಿಕೆಯೊಳಗೆ ಹಗ್ಗ ಹಾಯಿಸಿದ್ದಾರಾ ಅಂತ ಕೈಯಲ್ಲಿ ಒತ್ತಿ ನೋಡಿ. ಬಿಸಿಲು ಪಾಲಿಥೀನಿನ ಉದ್ದನೆಯ ಅಣುಗಳನ್ನು ತುಂಡರಿಸುತ್ತದೆ. ಕೊಟ್ಟಿಗೆಯ ಮೇಲೆ ಹೊದಿಸಿದ ನೀಲಿ ಹಾಳೆ ಪುಡಿಪುಡಿ ಆಗುವುದು ಹೀಗೇ. ಆದ್ದರಿಂದ ತಿಂಗಳುಗಟ್ಟಲೆ ಅಂಗಡಿಯ ಹೊರಗೆ ತೂಗಿದ್ದನ್ನು ಬಿಟ್ಟು ಒಳಗಿಂದ ತೆಗೆಸಿ. ಕೊನೆಗೆ ಅಂಗಡಿಯ ತಕ್ಕಡಿಗೇ ಹಾಕಿಸಿ. 9×12ರ 120 ಜಿಎಸ್‌ಎಂ ಹಾಳೆ ಒಂದು ಕಿಲೋ ಇನ್ನೂರು ಗ್ರಾಂ ತೂಗಬೇಕು. 800 ಗ್ರಾಂ ತೂಗಿದರೆ ಅದು 80 ಜಿಎಸ್‌ಎಂ ಮಾಲು. ಅದಕ್ಕೆ 80ರ ಬೆಲೆಯನ್ನೇ ಕೊಡಿ.